ಮಣ್ಣಿನ ರಸ್ತೆ, ಮೊಣಕಾಲುದ್ದ ಹಿಮ: ವರ್ಮಾಂಟ್‌ನಲ್ಲಿ ಯಾವ ಪಿಕಪ್ ತಗೊಳ್ಳಲಿ?

ಎಸೆಕ್ಸ್_ಚಿಪ್:

ಎಲ್ಲರಿಗೂ ನಮಸ್ಕಾರ. ನನಗೆ ವರ್ಮಾಂಟ್‌ನ ಎಸೆಕ್ಸ್ ಜಂಕ್ಷನ್‌ನಲ್ಲಿ ಚಿಪ್ ಫ್ಯಾಕ್ಟರಿಯಲ್ಲಿ ಕೆಲಸ. ಇಷ್ಟು ವರ್ಷ ಬರ್ಲಿಂಗ್ಟನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಈ ಬೇಸಿಗೆಯಲ್ಲಿ ಮೌಂಟ್ ಮ್ಯಾನ್ಸ್‌ಫೀಲ್ಡ್ ತಪ್ಪಲಲ್ಲಿ ಸ್ವಂತ ಮನೆ ತಗೊಂಡೆವು. ಡಾಂಬರು ಬಿಟ್ಟ ಮೇಲೆ ಸುಮಾರು ಮೂರು ಮೈಲಿ ಮಣ್ಣಿನ ರಸ್ತೆ. ಆಮೇಲೆ ನಮ್ಮದೇ ಡ್ರೈವ್‌ವೇ. ಅದು ಏರು, ನಡುವೆ ಒಂದು ತಿರುವು ಬೇರೆ. ಹಿಮ ತಳ್ಳುವ ಊರಿನ ಪ್ಲೌ ಗಾಡಿ ನಮ್ಮ ಗೇಟಿನವರೆಗೆ ಮಾತ್ರ ಬರುತ್ತದೆ.

ಈಗ ಇರುವುದು ಸುಬಾರು ಔಟ್‌ಬ್ಯಾಕ್. ಅದನ್ನು ಹೆಂಡತಿ ಓಡಿಸುತ್ತಾಳೆ. ನನಗೆ ದಿನಾ ಕೆಲಸಕ್ಕೆ ಹೋಗಿಬರಲು, ಸೌದೆ ತರಲು, ಮನೆ ರಿಪೇರಿ ಸಾಮಾನು ಹೇರಲು ಒಂದು ಪಿಕಪ್ ಬೇಕು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಕೂರಬೇಕು. ಬಜೆಟ್ 35,000 ಡಾಲರ್. ಹಳೆಯ ಗಾಡಿಯಾದರೂ ಪರವಾಗಿಲ್ಲ.

ಒಬ್ಬರು ಟೊಯೋಟಾ ಟಕೋಮಾ ಅಂತಾರೆ, ಇನ್ನೊಬ್ಬರು ಫೋರ್ಡ್ ಎಫ್-150 ಅಂತಾರೆ. ಡೀಸೆಲ್ ತಗೋ ಅನ್ನುವವರೂ ಇದ್ದಾರೆ. ಹಿಮದಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಯಾವುದು? ಅನುಭವ ಇರುವವರು ದಯವಿಟ್ಟು ಹೇಳಿ.

ರಾಕೀಸ್_ಕನ್ನಡಿಗ:

ಅಭಿನಂದನೆ ಸರ್, ಸ್ವಂತ ಮನೆಗೆ. ನಾನು ಕೊಲೊರಾಡೊದಲ್ಲಿದ್ದೇನೆ, ಚಳಿಗಾಲದಲ್ಲಿ ಐ-70 ಹೆದ್ದಾರಿಯಲ್ಲಿ ಓಡಾಟ ಜಾಸ್ತಿ. ಮೊದಲು ಒಂದು ವಿಷಯ. ಫೋರ್ ವೀಲ್ ಡ್ರೈವ್ ಎಂದು ಬರೆದ ಗಾಡಿಗಳೆಲ್ಲ ಒಂದೇ ಥರ ಕೆಲಸ ಮಾಡುವುದಿಲ್ಲ.

ಟಕೋಮಾ, ನಿಸ್ಸಾನ್ ಫ್ರಾಂಟಿಯರ್‌ನಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಪಾರ್ಟ್ ಟೈಮ್ ವ್ಯವಸ್ಥೆ. 2ಎಚ್ ಹಾಕಿದರೆ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ. 4ಎಚ್ ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡೂ ಒಂದಕ್ಕೊಂದು ಬಿಗಿಯಾಗಿ ಸೇರಿಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಹಿಮ, ಕೆಸರು, ಜಲ್ಲಿಯ ಮೇಲೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಜಾಗವಿಲ್ಲ. ಗಾಡಿ ಜಗ್ಗುತ್ತದೆ, ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಹೊರೆ ಬೀಳುತ್ತದೆ.

ನಿಮ್ಮ ದಾರಿ ಹೇಗಿರುತ್ತದೆ ನೋಡಿ. ಮನೆಯಿಂದ ಹೊರಟಾಗ ಹಿಮ, ಹೆದ್ದಾರಿಗೆ ಬಂದರೆ ಉಪ್ಪು ಹಾಕಿದ ಕಪ್ಪು ಡಾಂಬರು, ನೆರಳಿರುವ ಕಡೆ ಮತ್ತೆ ಐಸ್. ಅಂಥ ಕಡೆ 4ಎ ಅನ್ನುವ ಆಟೋ ಮೋಡ್ ದೊಡ್ಡ ಅನುಕೂಲ. ಹಿಂದಿನ ಚಕ್ರ ಜಾರಿದಾಗ ಮುಂದಿನದಕ್ಕೆ ತಾನೇ ಶಕ್ತಿ ಕಳಿಸುತ್ತದೆ. ಶೆವ್ರೊಲೆ ಸಿಲ್ವರಾಡೊದ ಹಲವು ಮಾದರಿಗಳಲ್ಲಿ, ಎಫ್-150ರ ಮೇಲಿನ ದರ್ಜೆಗಳಲ್ಲಿ ಇದು ಇದೆ. ಒಣ ರಸ್ತೆಯಲ್ಲೂ ಹಾಗೇ ಬಿಟ್ಟಿರಬಹುದು. ದಿನಾ ಮಕ್ಕಳನ್ನು ಕೂರಿಸಿಕೊಂಡು ಓಡಾಡುವವರಿಗೆ ನಾನು ಹೇಳುವುದು 4ಎ ಇರುವ ಗಾಡಿ.

ಮೂಡಿಗೆರೆ_ಮಳೆ:

ನಮ್ಮ ತೋಟದಲ್ಲಿ ಮಹೀಂದ್ರ ಜೀಪ್ ಇತ್ತು. ಮಳೆಗಾಲದಲ್ಲಿ ಕಾಫಿ ತೋಟದ ರಸ್ತೆ ಹೇಗಿರುತ್ತೆ ಅಂತ ಮಲೆನಾಡಿನವರಿಗೆ ಗೊತ್ತು. ಅಲ್ಲಿ ಕಲಿತಿದ್ದು ಈಗ ಮಿಷಿಗನ್ ಹಿಮದಲ್ಲೂ ನನಗೆ ಉಪಯೋಗಕ್ಕೆ ಬರ್ತಿದೆ. ಲೋ ಗೇರ್ ಇರಲೇಬೇಕು. ಏರು ಹತ್ತಲು ಮಾತ್ರ ಅಲ್ಲ, ಇಳಿಯಲು ಇನ್ನೂ ಜಾಸ್ತಿ ಬೇಕು. ಜಾರುವ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತೆ, ಗಾಡಿ ನಿಲ್ಲಲ್ಲ. 4ಎಲ್, ಅಂದರೆ ಆ ಲೋ ಗೇರಿಗೆ ತಂದು ಮೊದಲ ಗೇರ್ ಹಾಕಿ ಕಾಲು ತೆಗೆದರೆ ಇಂಜಿನ್ನೇ ನಿಧಾನವಾಗಿ ಕೆಳಗಿಳಿಸುತ್ತೆ.

ಹೋಂಡಾ ರಿಡ್ಜ್‌ಲೈನ್, ಫೋರ್ಡ್ ಮೇವರಿಕ್ ಓಡಿಸಲು ಚೆಂದ. ಆದರೆ ಎರಡರಲ್ಲೂ ಲೋ ರೇಂಜ್ ಇಲ್ಲ. ಅಣ್ಣಾ, ನಿಮ್ಮ ಡ್ರೈವ್‌ವೇ ಏರು ಅಂದಿದ್ದೀರಿ. ತಿರುವೂ ಇದೆ ಅಂದಿದ್ದೀರಿ. ಯೋಚನೆ ಮಾಡಿ.

ಹಳೇ_ಸುಬಾರು:

ನಾನು ಬೇರೆ ಮಾತು ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ನಿಮಗೆ ಪಿಕಪ್ ನಿಜವಾಗಲೂ ಬೇಕಾ? ಔಟ್‌ಬ್ಯಾಕ್‌ಗೆ ನೆಲದಿಂದ 8.7 ಇಂಚು ಎತ್ತರ ಇದೆ. ರಿಡ್ಜ್‌ಲೈನ್‌ಗೆ ಇರುವುದು 7.6 ಇಂಚು ಅಷ್ಟೇ! ಒಳ್ಳೆಯ ಸ್ನೋ ಟಯರ್ ಹಾಕಿದ ಸುಬಾರು, ಬೇಸಿಗೆ ಟಯರಿನಲ್ಲಿರುವ ಯಾವ ಪಿಕಪ್ಪಿಗಿಂತಲೂ ಹಿಮದಲ್ಲಿ ಚೆನ್ನಾಗಿ ಹೋಗುತ್ತೆ, ಅದಕ್ಕಿಂತ ಚೆನ್ನಾಗಿ ನಿಲ್ಲುತ್ತೆ. ಪಿಕಪ್ಪಿನ ಹಿಂಭಾಗ ಖಾಲಿ. ಹಿಂದಿನ ಚಕ್ರದ ಮೇಲೆ ಭಾರವೇ ಇರಲ್ಲ, 2ಎಚ್‌ನಲ್ಲಿ ಬಾಲ ತಿರುಗಿಬಿಡುತ್ತೆ.

ಸೌದೆ ಮಾರುವವರು ಬೇಸಿಗೆಯಲ್ಲೇ ಲಾರಿಯಲ್ಲಿ ತಂದು ಅಂಗಳಕ್ಕೆ ಸುರಿದು ಹೋಗ್ತಾರೆ. ಉಳಿದ ಸಾಮಾನಿಗೆ ಒಂದು ಸಣ್ಣ ಟ್ರೇಲರ್ ಸಾಕು. ಇನ್ನೊಂದು ಸುಬಾರು ತಗೊಂಡು ಎರಡಕ್ಕೂ ಒಳ್ಳೆಯ ಟಯರ್ ಹಾಕಿ. ಹತ್ತು ಸಾವಿರ ಡಾಲರ್ ಉಳಿಯಬಹುದು.

ಬೆಟ್ಟದ_ಮನೆ:

ಎಸೆಕ್ಸ್ ಅವರೇ, ನಾನು ನಿಮ್ಮಿಂದ ಜಾಸ್ತಿ ದೂರವಿಲ್ಲ. ಲಮೊಯ್ಲ್ ಕೌಂಟಿಯಲ್ಲಿ ಮಣ್ಣಿನ ರಸ್ತೆಯ ಮೇಲೆ ತುಂಬಾ ವರ್ಷಗಳಿಂದ ಇದ್ದೇವೆ. ಎಲ್ಲರೂ ಹಿಮದ ಬಗ್ಗೆ ಮಾತಾಡುತ್ತಿದ್ದಾರೆ. ನೀವು ಗಾಡಿ ಆರಿಸಬೇಕಾದ್ದು ಏಪ್ರಿಲ್ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ವರ್ಮಾಂಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ರಸ್ತೆಗಳು ಮಣ್ಣಿನವು. ಜನವರಿಯಲ್ಲಿ ಅವು ಕಲ್ಲಿನಂತೆ ಗಟ್ಟಿ. ಊರಿನ ಪ್ಲೌ ಬೆಳಗಿನ ಜಾವವೇ ಬಂದು ಹೋಗಿರುತ್ತದೆ, ಮರಳು ಹಾಕಿರುತ್ತಾರೆ. ಹಿಮ ಬಿದ್ದ ಮಣ್ಣಿನ ರಸ್ತೆ ಎಷ್ಟೋ ಸಲ ಹೆದ್ದಾರಿಗಿಂತ ಒಳ್ಳೆಯದು. ಜೇ ಪೀಕ್ ಕಡೆ ಬೆಟ್ಟದ ಮೇಲೆ ವರ್ಷಕ್ಕೆ 300 ಇಂಚಿಗಿಂತ ಜಾಸ್ತಿ ಹಿಮ ಬೀಳುತ್ತದೆ ಅಂತ ಕೇಳಿ ಹೆದರಬೇಡಿ. ನಮ್ಮ ರಸ್ತೆಗಳ ಮೇಲೆ ಅದು ಒಟ್ಟಿಗೆ ಕೂತಿರುವುದಿಲ್ಲ.

ಕಷ್ಟ ಶುರುವಾಗುವುದು ಮಾರ್ಚ್ ಕೊನೆಗೆ. ಚಳಿಗಾಲವಿಡೀ ನೆಲ ಹಲವು ಅಡಿ ಆಳದವರೆಗೆ ಹೆಪ್ಪುಗಟ್ಟಿರುತ್ತದೆ. ಕರಗುವುದು ಮೇಲಿನಿಂದ. ಮೇಲಿನ ಒಂದಡಿ ಕರಗಿ ನೀರಾಗುತ್ತದೆ, ಕೆಳಗಿನದು ಇನ್ನೂ ಐಸ್. ನೀರು ಇಂಗಲು ದಾರಿ ಇಲ್ಲ. ರಸ್ತೆ ಪೂರ್ತಿ ರಾಡಿ. ಗಾಡಿಗಳು ಓಡಿ ಓಡಿ ಚಕ್ರದ ಜಾಡು ಆಳವಾಗುತ್ತಾ ಹೋಗುತ್ತದೆ. ಸ್ಕೂಲ್ ಬಸ್ಸು ಕೆಲವು ದಿನ ಡಾಂಬರಿನ ಅಂಚಿಗೇ ನಿಂತುಬಿಡುತ್ತದೆ. ಮಕ್ಕಳನ್ನು ನಾವೇ ಅಲ್ಲಿಗೆ ಬಿಡಬೇಕು. ಹಳೇ ಸುಬಾರು ಅವರು ಹೇಳಿದ್ದು ಹಿಮದ ಮಟ್ಟಿಗೆ ನೂರಕ್ಕೆ ನೂರು ಸರಿ. ಆದರೆ ಜಾಡು ಒಂಬತ್ತು, ಹತ್ತು ಇಂಚು ಆಳವಾದಾಗ ಸುಬಾರು ಹೊಟ್ಟೆಯ ಮೇಲೆ ಕೂರುತ್ತದೆ. ಚಕ್ರಗಳು ಗಾಳಿಯಲ್ಲಿ ಸುಮ್ನೆ ತಿರುಗುತ್ತವೆ. ಆಗ ಯಾವ ಟಯರೂ ಸಹಾಯಕ್ಕೆ ಬರುವುದಿಲ್ಲ.

ಇದರ ಮೇಲೆ 2023ರ ಜುಲೈ ಪ್ರವಾಹ, ಮತ್ತೆ 2024ರ ಜುಲೈ ಪ್ರವಾಹ. ಎಷ್ಟೋ ಊರುಗಳಲ್ಲಿ ಮಣ್ಣಿನ ರಸ್ತೆ ಕೊಚ್ಚಿಹೋಗಿ ಬರೀ ಕಲ್ಲು ಉಳಿದಿತ್ತು. ನೆಲದಿಂದ ಎತ್ತರ, ದಪ್ಪ ಪಕ್ಕೆಯ ಟಯರ್, ಹೊಟ್ಟೆಯ ಕೆಳಗೆ ಕಬ್ಬಿಣದ ರಕ್ಷಣೆ ತಟ್ಟೆ. ಈ ಮೂರೂ ಇರುವ ಗಾಡಿ ನೋಡಿ. ಇಲ್ಲಿ ಅದಕ್ಕೆ ಬೆಲೆ ಇದೆ.

ಎಸೆಕ್ಸ್_ಚಿಪ್:

ಮೇಡಂ, ಇದನ್ನು ನಮಗೆ ಮನೆ ಮಾರಿದವರು ಹೇಳಲೇ ಇಲ್ಲ. ತುಂಬಾ ಧನ್ಯವಾದ. ಹಾಗಾದರೆ ಕೆಸರಿನಲ್ಲಿ ಓಡಿಸುವುದು ಹೇಗೆ? ಅಗಲ ಟಯರ್ ಒಳ್ಳೆಯದಾ, ಸಪೂರ ಟಯರ್ ಒಳ್ಳೆಯದಾ? ಇಂಟರ್‌ನೆಟ್‌ನಲ್ಲಿ ಎರಡೂ ಹೇಳುತ್ತಾರೆ.

ಬೆಟ್ಟದ_ಮನೆ:

ಬೆಳಗ್ಗೆ ಬೇಗ ಹೊರಡಿ. ರಾತ್ರಿಯ ಚಳಿಗೆ ಮೇಲ್ಮೈ ಗಟ್ಟಿಯಾಗಿರುತ್ತದೆ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಅದೇ ರಸ್ತೆ ಬೇರೆಯೇ. ಜಾಡಿನ ಒಳಗೆ ಚಕ್ರ ಇಳಿಸಬೇಡಿ, ಎರಡು ಜಾಡುಗಳ ನಡುವಿನ ದಿಬ್ಬದ ಮೇಲೆ ಒಂದು ಬದಿಯ ಚಕ್ರ ಇಟ್ಟುಕೊಂಡು ಹೋಗಿ. 4ಎಚ್ ಹಾಕಿ. ವೇಗ ಒಂದೇ ಸಮ ಇರಲಿ, ನಡುವೆ ನಿಲ್ಲಬೇಡಿ. ಎದುರಿನಿಂದ ಗಾಡಿ ಬಂದರೆ ಗಟ್ಟಿ ಜಾಗ ನೋಡಿ ಮೊದಲೇ ನಿಂತು ದಾರಿ ಬಿಡಿ. ಇಲ್ಲಿನವರು ಹಾಗೇ ಮಾಡುತ್ತಾರೆ. ಕೈ ಎತ್ತಿ ಹೋಗುತ್ತಾರೆ.

ಟಯರ್ ಪ್ರಶ್ನೆಗೆ ಕೊಲೊರಾಡೊದವರು ಉತ್ತರ ಕೊಟ್ಟರೆ ಚೆಂದ.

ರಾಕೀಸ್_ಕನ್ನಡಿಗ:

ಎರಡೂ ನಿಜ, ಜಾಗ ಬೇರೆ ಬೇರೆ ಅಷ್ಟೇ. ಐಸ್‌ಲ್ಯಾಂಡ್‌ನಲ್ಲಿ ಹಿಮನದಿಗಳ ಮೇಲೆ ಓಡಿಸುವವರು 38, 44 ಇಂಚಿನ ದೈತ್ಯ ಟಯರ್ ಹಾಕಿ, ಗಾಳಿಯನ್ನು 5 ಪಿಎಸ್‌ಐಗಿಂತಲೂ ಕೆಳಗಿಳಿಸಿ ಹಿಮದ ಮೇಲೆ ತೇಲಿಕೊಂಡು ಹೋಗುತ್ತಾರೆ. ಅಲ್ಲಿ ಹಿಮದ ಆಳ ತಿಳಿಯದಷ್ಟು. ತಳ ಮುಟ್ಟುವ ಮಾತೇ ಇಲ್ಲ. ನಿಮ್ಮಲ್ಲಿ ಅರ್ಧ ಅಡಿ, ಒಂದಡಿ ಹಿಮದ ಕೆಳಗೆ ಗಟ್ಟಿ ನೆಲ ಇದೆ. ಅಲ್ಲಿ ಸಪೂರ ಟಯರ್ ಹಿಮವನ್ನು ಸೀಳಿ ತಳ ಮುಟ್ಟುತ್ತದೆ. ಹಾಗಾಗಿ ಕಂಪನಿ ಕೊಟ್ಟ ಅಳತೆಯೇ ಸಾಕು, ಒಂದು ಅಳತೆ ಕಮ್ಮಿಯಾದರೆ ಇನ್ನೂ ಒಳ್ಳೆಯದು. ನೋಡಲು ಚೆಂದ ಅಂತ ಅಗಲದ ಟಯರ್ ಹಾಕಿಸಬೇಡಿ.

ರಿಮ್ ವಿಷಯ ಯಾರೂ ಹೇಳುವುದಿಲ್ಲ. ದುಬಾರಿ ಮಾದರಿಗಳಲ್ಲಿ 20 ಇಂಚಿನ ರಿಮ್ ಬರುತ್ತದೆ. ಟಯರಿನ ಪಕ್ಕೆ ಚಿಕ್ಕದಾಗುತ್ತದೆ. ಮಣ್ಣಿನ ರಸ್ತೆಯ ಗುಂಡಿ ಹೊಡೆದರೆ ರಿಮ್ಮೇ ಬಾಗುತ್ತದೆ. 17 ಇಂಚಿನ ರಿಮ್ ಇರುವ ಮಾದರಿ ನೋಡಿ. ಪಕ್ಕೆಯಲ್ಲಿ ರಬ್ಬರ್ ಜಾಸ್ತಿ, ಏಟು ಅದೇ ತಡೆದುಕೊಳ್ಳುತ್ತದೆ. ಚಳಿಗಾಲದ ಟಯರೂ ಅಗ್ಗಕ್ಕೆ ಸಿಗುತ್ತದೆ.

ಇನ್ನೊಂದು. ಟಯರಿನ ಪಕ್ಕದಲ್ಲಿ ಎಂ+ಎಸ್ (ಮಡ್ ಮತ್ತು ಸ್ನೋ) ಅಂತ ಬರೆದಿದ್ದರೆ ಅದನ್ನು ನಂಬಿ ಕೂರಬೇಡಿ. ಅದು ಟಯರಿನ ಅಚ್ಚಿನ ವಿನ್ಯಾಸ ನೋಡಿ ಕೊಡುವ ಗುರುತು. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ. ಅದಕ್ಕೆ ಹಿಮದ ಮೇಲೆ ಪರೀಕ್ಷೆ ಆಗಿರುತ್ತದೆ. ಫಾಲ್ಕನ್ ವೈಲ್ಡ್‌ಪೀಕ್, ಬಿಎಫ್ ಗುಡ್ರಿಚ್ ಕೆಒ2ನಂಥ ಆಲ್ ಟೆರೇನ್ ಟಯರ್‌ಗಳಲ್ಲಿ ಈ ಗುರುತು ಇದೆ. ಆದರೂ ಐಸ್ ಮೇಲೆ ನಿಜವಾದ ಸ್ನೋ ಟಯರಿಗೆ ಅವು ಸಮವಲ್ಲ. ನೋಕಿಯನ್ ಹಕ್ಕಪೆಲಿಟ್ಟ, ಬ್ರಿಜ್‌ಸ್ಟೋನ್ ಬ್ಲಿಜಾಕ್ ರಬ್ಬರ್ ಚಳಿಗೆ ಕಲ್ಲಾಗುವುದಿಲ್ಲ. ಅದೇ ಅದರ ಗುಟ್ಟು.

ನಮ್ಮ ಕಡೆ ಐ-70ರಲ್ಲಿ ಡಾಟ್ಸೆರೊದಿಂದ ಮಾರಿಸನ್‌ವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಟಯರ್ ನಿಯಮ ಇದೆ. ಟ್ರೆಡ್, ಅಂದರೆ ಟಯರಿನ ಅಚ್ಚಿನ ಆಳ, ಕನಿಷ್ಠ ಒಂದು ಇಂಚಿನ ಹದಿನಾರರಲ್ಲಿ ಮೂರು ಭಾಗ ಉಳಿದಿರಬೇಕು. ಫೋರ್ ವೀಲ್ ಡ್ರೈವ್ ಇದ್ದರೂ ಬಿಡುವುದಿಲ್ಲ. ನಿಮ್ಮಲ್ಲಿ ಅಂಥ ನಿಯಮ ಇಲ್ಲದಿದ್ದರೂ ಆ ಅಳತೆ ನೆನಪಿಟ್ಟುಕೊಳ್ಳಿ. ಅದಕ್ಕಿಂತ ಸವೆದ ಟಯರ್ ಹಿಮದಲ್ಲಿ ಕೆಲಸಕ್ಕೆ ಬರಲ್ಲ.

ಹಳೇ_ಸುಬಾರು:

ಬೆಟ್ಟದ ಮನೆ ಮೇಡಂ, ಏಪ್ರಿಲ್ ಮಾತು ಒಪ್ಪಿದೆ. ನಮ್ಮೂರಲ್ಲಿ ಎಲ್ಲಾ ಡಾಂಬರು, ಆ ಕಷ್ಟ ಇಲ್ಲ. ಹಾಗಿದ್ದರೆ ಪಿಕಪ್ಪೇ ಸರಿ. ಆದರೆ ಎಸೆಕ್ಸ್ ಅವರೇ, ಟಯರಿಗೆ ಬಜೆಟ್‌ನಲ್ಲಿ ಹಣ ತೆಗೆದಿಡಿ. ಸ್ನೋ ಟಯರ್ ಬೇರೆ ರಿಮ್ ಮೇಲೆ ಹಾಕಿಸಿಟ್ಟುಕೊಂಡರೆ ಮನೆಯಲ್ಲೇ ಬದಲಾಯಿಸಬಹುದು.

ಪಾನಾ_ಕೈ:

ನಾನು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಗ್ಯಾರೇಜ್ ಕೆಲಸ ಮಾಡುವವನು. ದಿನಾ ಗಾಡಿಗಳ ಹೊಟ್ಟೆ ನೋಡುವುದೇ ಕೆಲಸ. ಇಷ್ಟು ಹೊತ್ತಾದರೂ ಯಾರೂ ತುಕ್ಕಿನ ಬಗ್ಗೆ ಮಾತೆತ್ತಿಲ್ಲ!

ನಮ್ಮ ಕಡೆ ಪಿಕಪ್ಪನ್ನು ಕೊಲ್ಲುವುದು ಇಂಜಿನ್ ಅಲ್ಲ, ಗೇರ್ ಬಾಕ್ಸ್ ಅಲ್ಲ. ತುಕ್ಕು. ಚಳಿಗಾಲದಲ್ಲಿ ಹೆದ್ದಾರಿಗೆ ಉಪ್ಪು. ಬೇಸಿಗೆಯಲ್ಲಿ ಮಣ್ಣಿನ ರಸ್ತೆಗೆ ಧೂಳು ಏಳದಿರಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್. ಅದೂ ಉಪ್ಪೇ. ಗಾಳಿಯ ತೇವ ಎಳೆದುಕೊಂಡು ಒದ್ದೆಯಾಗಿಯೇ ಇರುತ್ತದೆ, ಅದಕ್ಕೇ ಹಾಕುವುದು. ಮಣ್ಣಿನ ರಸ್ತೆಯಲ್ಲಿರುವ ಗಾಡಿಗೆ ಹನ್ನೆರಡು ತಿಂಗಳೂ ಉಪ್ಪಿನ ಲೇಪ. ಫ್ರೇಮಿನ ಒಳಗೆ ಕೆಸರು ಹೋಗಿ ಕೂತರೆ ಆ ತೇವ ಒಣಗುವುದೇ ಇಲ್ಲ.

ಎಫ್-150ಗೆ 2015ರಿಂದ ಅಲ್ಯೂಮಿನಿಯಂ ಬಾಡಿ. ಜನ ಅದಕ್ಕೆ ತುಕ್ಕೇ ಇಲ್ಲ ಅಂದುಕೊಂಡಿದ್ದಾರೆ. ಫ್ರೇಮ್ ಉಕ್ಕಿನದೇ. ಬ್ರೇಕ್ ಪೈಪ್, ಸ್ಪ್ರಿಂಗ್ ಹಿಡಿಯುವ ಕೊಂಡಿ ಎಲ್ಲವೂ ಉಕ್ಕು. ಟಕೋಮಾ ತುಂಬಾ ಬಾಳಿಕೆ ಬರುತ್ತದೆ ಅಂತಾರೆ. ಇಂಜಿನ್ ಮಟ್ಟಿಗೆ ಸರಿ. ಫ್ರೇಮ್ ತುಕ್ಕಿನ ಮೊಕದ್ದಮೆಯಲ್ಲಿ ಟೊಯೋಟಾ ಸುಮಾರು 3.4 ಬಿಲಿಯನ್ ಡಾಲರ್ ಮೌಲ್ಯದ ಒಪ್ಪಂದಕ್ಕೆ ಬಂದಿತ್ತು. 2005ರಿಂದ 2010ರವರೆಗಿನ ಟಕೋಮಾಗಳು ಅದರಲ್ಲಿ ಸೇರಿದ್ದವು. ಅಷ್ಟು ಹಳೆಯ ಗಾಡಿ ಅಗ್ಗಕ್ಕೆ ಸಿಕ್ಕರೆ ಮೊದಲು ಫ್ರೇಮ್ ನೋಡಿ, ಆಮೇಲೆ ಮಾತಾಡಿ.

ನನ್ನ ಸಲಹೆ ಇಷ್ಟೇ. ಹಳೆಯ ಗಾಡಿ ತಗೊಳ್ಳುವುದಾದರೆ ವರ್ಜೀನಿಯಾ, ಕೆರೊಲಿನಾ ಕಡೆಯಿಂದ ಬಂದ ಗಾಡಿ ಹುಡುಕಿ. ಅದೇ ವರ್ಷದ, ಅದೇ ಮೈಲಿ ಓಡಿದ ಗಾಡಿ. ಹೊಟ್ಟೆ ನೋಡಿದರೆ ಹೊಸದರಂತೆ ಇರುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ತಂದ ಮೇಲೆ ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಫ್ಲೂಯಿಡ್ ಫಿಲ್ಮ್ ಥರದ ಲ್ಯಾನೋಲಿನ್ ಎಣ್ಣೆ ಹೊಡೆಸಿ. ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ್ದು. ಫ್ರೇಮಿನ ತೂತುಗಳ ಒಳಗೂ ಹೊಡೆಯಬೇಕು. ಕಪ್ಪು ರಬ್ಬರ್ ಕೋಟಿಂಗ್ ಹೊಡೆಸಬೇಡಿ. ಅದು ಒಂದು ಕಡೆ ಬಿರುಕು ಬಿಟ್ಟರೆ ನೀರು ಒಳಗೆ ಹೋಗಿ ಅಲ್ಲೇ ಕೂರುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ.

ರಾಕೀಸ್_ಕನ್ನಡಿಗ:

ಪಾನಾ ಕೈ ಅವರೇ, ತುಕ್ಕಿನ ಮಾತು ಬಂಗಾರ. ಆದರೆ 4ಎ ಬಗ್ಗೆ ನಿಮ್ಮ ಅಭಿಪ್ರಾಯ? ಹಳೆಯ ಗಾಡಿಯಲ್ಲಿ ರಿಪೇರಿ ಜಾಸ್ತಿಯಾ?

ಪಾನಾ_ಕೈ:

ಕೆಲವು 4ಎ ವ್ಯವಸ್ಥೆಯಲ್ಲಿ ಟ್ರಾನ್ಸ್‌ಫರ್ ಕೇಸಿನ ಒಳಗೆ ಕ್ಲಚ್ ಪ್ಲೇಟ್‌ಗಳಿರುತ್ತವೆ, ಮೋಟರ್, ಸೆನ್ಸರ್ ಇರುತ್ತದೆ. ಸರಳ ಪಾರ್ಟ್ ಟೈಮ್‌ಗಿಂತ ಕೆಡುವ ಸಾಮಾನು ಜಾಸ್ತಿ. ಎಣ್ಣೆ ಸಮಯಕ್ಕೆ ಬದಲಿಸಿದರೆ ಬಾಳುತ್ತದೆ. ಎಸೆಕ್ಸ್ ಅವರ ಕೆಲಸಕ್ಕೆ ಎರಡೂ ನಡೆಯುತ್ತದೆ. ಗುಂಡಿ ಒತ್ತಲು ಬೇಜಾರಿಲ್ಲದವರಿಗೆ ಪಾರ್ಟ್ ಟೈಮ್ ಸಾಕು. ಅದೇ ಗಾಡಿಯನ್ನು ಮನೆಯಲ್ಲಿ ಇನ್ನೊಬ್ಬರೂ ಓಡಿಸುತ್ತಾರೆ, ಅವರಿಗೆ ಗೇರ್ ಲೆಕ್ಕಾಚಾರ ಬೇಡ ಅಂದರೆ 4ಎ ತಗೊಳ್ಳಿ.

ಹಿಂದಿನ ಆಕ್ಸಲ್‌ನ ಲಾಕರ್ ಬಗ್ಗೆಯೂ ಹೇಳಿಬಿಡ್ತೀನಿ. ಟಕೋಮಾ ಟಿಆರ್‌ಡಿ ಆಫ್ ರೋಡ್, ಫ್ರಾಂಟಿಯರ್ ಪ್ರೊ-4ಎಕ್ಸ್‌ನಲ್ಲಿ ಇದೆ. ಒಂದು ಚಕ್ರ ಕೆಸರಿನಲ್ಲಿ ತಿರುಗುತ್ತಾ, ಇನ್ನೊಂದು ಸುಮ್ಮನೆ ನಿಂತಾಗ ಲಾಕರ್ ಹಾಕಿದರೆ ಎರಡೂ ಒಟ್ಟಿಗೆ ತಿರುಗಿ ಗಾಡಿ ಹೊರಬರುತ್ತದೆ. ಆದರೆ ಐಸ್ ಇರುವ, ಒಂದು ಬದಿಗೆ ವಾಲಿದ ರಸ್ತೆಯಲ್ಲಿ ಲಾಕರ್ ಹಾಕಬೇಡಿ. ಎರಡೂ ಹಿಂದಿನ ಚಕ್ರ ಒಟ್ಟಿಗೇ ಹಿಡಿತ ಬಿಟ್ಟು ಬಾಲ ಚರಂಡಿಗೆ ಇಳಿಯುತ್ತದೆ.

ಫೇರ್‌ಬ್ಯಾಂಕ್ಸ್_ಚಳಿ:

ಡೀಸೆಲ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳ್ತೀನಿ. ನಾನಿರುವುದು ಅಲಾಸ್ಕಾದಲ್ಲಿ. ಇಲ್ಲಿ ಮೈನಸ್ 40 ಬರುತ್ತದೆ. ಗಾಡಿಗಳ ಮುಂಭಾಗದಿಂದ ಒಂದು ವೈರ್ ನೇತಾಡುತ್ತಿರುತ್ತದೆ. ಆಫೀಸು, ಅಂಗಡಿ ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್ ಇರುತ್ತದೆ. ಇಂಜಿನ್ ಬ್ಲಾಕ್, ಆಯಿಲ್ ಪ್ಯಾನ್, ಬ್ಯಾಟರಿ ಎಲ್ಲಕ್ಕೂ ಹೀಟರ್.

ಡೀಸೆಲ್‌ನಲ್ಲಿ ಮೇಣದ ಅಂಶ ಇದೆ. ಚಳಿಗೆ ಅದು ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಚಳಿ ಊರುಗಳಲ್ಲಿ ಬಂಕಿನವರು ಚಳಿಗಾಲದ ಮಿಶ್ರಣ ಮಾರುತ್ತಾರೆ, ಆದರೆ ಅಕ್ಟೋಬರ್‌ನಲ್ಲಿ ತುಂಬಿಸಿದ ಟ್ಯಾಂಕ್ ಹಾಗೇ ಉಳಿದಿದ್ದರೆ ತೊಂದರೆ. ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್ ದ್ರವ ಮೈನಸ್ 11 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಗಾಡಿಯಲ್ಲೇ ಹೀಟರ್ ಇದೆ, ಕೆಟ್ಟರೆ ಖರ್ಚು. ಹತ್ತಿರದ ಓಡಾಟಕ್ಕೆ ಡೀಸೆಲ್ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಹೊಗೆ ಫಿಲ್ಟರಿನಲ್ಲಿ ಮಸಿ ಕಟ್ಟುತ್ತದೆ. ದೊಡ್ಡ ಟ್ರೇಲರ್ ಎಳೆಯುವವರಿಗೆ ಡೀಸೆಲ್. ನಿಮಗೆ ಪೆಟ್ರೋಲ್ ಸಾಕು.

ಬ್ಲಾಕ್ ಹೀಟರ್ ಮಾತ್ರ ಹಾಕಿಸಿ. ಮೈನಸ್ 18 ಸೆಲ್ಸಿಯಸ್‌ನಲ್ಲಿ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕಿಳಿಯುತ್ತದೆ. ಅದೇ ಹೊತ್ತಿಗೆ ಇಂಜಿನ್ ಆಯಿಲ್ ದಪ್ಪಗಾಗಿ, ತಿರುಗಿಸಲು ಜಾಸ್ತಿ ಶಕ್ತಿ ಬೇಕಾಗುತ್ತದೆ. ಟಯರ್ ಗಾಳಿಯೂ ನೋಡುತ್ತಿರಿ. ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ.

ಎಸೆಕ್ಸ್_ಚಿಪ್:

ಎಲ್ಲರಿಗೂ ಮನಸಾರೆ ಧನ್ಯವಾದ. ಡೀಸೆಲ್ ಬಿಟ್ಟೆ. ಈಗ ಎರಡು ಆಯ್ಕೆ ಕಣ್ಣ ಮುಂದಿದೆ. ಒಂದು 2022ರ ನಂತರದ ಫ್ರಾಂಟಿಯರ್ ಪ್ರೊ-4ಎಕ್ಸ್. ಇನ್ನೊಂದು 2020ರ ಆಸುಪಾಸಿನ ಸಿಲ್ವರಾಡೊ, 4ಎ ಇರುವಂಥದ್ದು. ಒಂದೇ ಗೊಂದಲ. ಡ್ರೈವ್‌ವೇ ಹಿಮ ತೆಗೆಯಲು ಪಿಕಪ್ಪಿಗೇ ಪ್ಲೌ ಹಾಕಿಸಿಕೊಳ್ಳಬಹುದಾ? ಮತ್ತೆ ಸೌದೆ ಎಷ್ಟು ಹೇರಬಹುದು?

ಪಾನಾ_ಕೈ:

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತದೆ. ಜಾಹೀರಾತಿನ ಅಂಕಿ ಬಿಡಿ. ಆ ಒಂದೇ ಗಾಡಿಗೆ ಆ ಸ್ಟಿಕ್ಕರಿನ ಅಂಕಿಯೇ ಕೊನೆಯ ಮಾತು. ಮಧ್ಯಮ ಗಾತ್ರದ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಸಾವಿರ ಚಿಲ್ಲರೆ ಪೌಂಡ್ ಇರುತ್ತದೆ. ನೀವು, ಮಕ್ಕಳು ಕೂತರೆ ಅದರಲ್ಲಿ ಮುನ್ನೂರು ಹೋಯಿತು. ಒಂದು ಕಾರ್ಡ್ ಸೌದೆ ಅಂದರೆ 128 ಘನ ಅಡಿ. ಹಸಿ ಗಟ್ಟಿಮರವಾದರೆ ತೂಕ 4,000 ಪೌಂಡ್ ದಾಟುತ್ತದೆ. ಅಂದರೆ ನಾಲ್ಕೈದು ಸಲ ತರಬೇಕು. ಅದಕ್ಕೆ ಹಳೇ ಸುಬಾರು ಅವರು ಹೇಳಿದ ಹಾಗೆ ಲಾರಿಯಲ್ಲಿ ಸುರಿಸಿಕೊಳ್ಳುವುದೇ ಸರಿ.

ಪ್ಲೌ ವಿಷಯದಲ್ಲಿ ಇದು ಇನ್ನೂ ಮುಖ್ಯ. ಉಕ್ಕಿನ ಪೂರ್ತಿ ಅಳತೆಯ ಪ್ಲೌ, ಅದರ ಕೊಂಡಿ ಸೇರಿ ಆರೇಳು ನೂರು ಪೌಂಡ್. ಅಷ್ಟೂ ಭಾರ ಮುಂದಿನ ಚಕ್ರಗಳಿಗಿಂತ ಮುಂದೆ ತೂಗುತ್ತದೆ. ಅದಕ್ಕೆ ಬೇಕಾದ್ದು ಎಫ್-250, ರ‍್ಯಾಮ್ 2500ನಂಥ ದೊಡ್ಡ ಗಾಡಿ, ಕಂಪನಿಯಿಂದಲೇ ಪ್ಲೌಗೆ ತಯಾರಾಗಿ ಬಂದದ್ದು. ಮಧ್ಯಮ ಪಿಕಪ್ಪಿಗೆ ದೊಡ್ಡ ಪ್ಲೌ ಹಾಕಿಸಿದರೆ ಬಾಲ್ ಜಾಯಿಂಟ್, ಬೇರಿಂಗ್, ಗೇರ್ ಬಾಕ್ಸ್ ಒಂದೊಂದಾಗಿ ಹೋಗುತ್ತವೆ. ಹಳೆಯ ಗಾಡಿ ಕೊಳ್ಳುವಾಗಲೂ ಮುಂದೆ ಪ್ಲೌ ಕೊಂಡಿಯ ಗುರುತು ಕಂಡರೆ ಹುಷಾರು.

ಬೆಟ್ಟದ_ಮನೆ:

ನಾವು ಡ್ರೈವ್‌ವೇಗೆ ಪಕ್ಕದ ಮನೆಯವರಿಗೆ ಹೇಳಿದ್ದೇವೆ. ಅವರ ಹತ್ತಿರ ಪ್ಲೌ ಗಾಡಿ ಇದೆ. ಬಿರುಗಾಳಿ ಬಂದಾಗಲೆಲ್ಲ ಬಂದು ತೆಗೆದು ಹೋಗುತ್ತಾರೆ. ನವೆಂಬರ್ ಒಳಗೆ ಮಾತಾಡಿಟ್ಟುಕೊಳ್ಳಿ. ಆಮೇಲೆ ಯಾರೂ ಬಿಡುವಿರುವುದಿಲ್ಲ. ಮನೆ ಬಾಗಿಲ ಮುಂದಿನದಕ್ಕೆ ಎರಡು ಹಂತದ ಸ್ನೋ ಬ್ಲೋವರ್ ಸಾಕು. ನೀವೇ ತೆಗೆಯುವುದಾದರೆ ನೆನಪಿಡಿ, ಡ್ರೈವ್‌ವೇ ಹಿಮವನ್ನು ಸಾರ್ವಜನಿಕ ರಸ್ತೆಗೆ ತಳ್ಳುವಂತಿಲ್ಲ. ಇಲ್ಲಿ ಅದಕ್ಕೆ ಕಾನೂನಿದೆ.

ಡಿಸೆಂಬರ್‌ನಿಂದ ಪಿಕಪ್ಪಿನ ಹಿಂದೆ ಮರಳಿನ ಚೀಲ ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ 60 ಪೌಂಡಿನ ಉದ್ದ ಚೀಲ ಸಿಗುತ್ತದೆ. ನಾಲ್ಕೈದು ಸಾಕು. ಬಾಗಿಲ ಹತ್ತಿರ ಇಡಬೇಡಿ, ಹಿಂದಿನ ಆಕ್ಸಲ್ ಮೇಲೆ ಬರುವಂತೆ ಇಟ್ಟು ಕಟ್ಟಿ. ಕಟ್ಟದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಅವೇ ಮುಂದಕ್ಕೆ ನುಗ್ಗುತ್ತವೆ. ಸಿಕ್ಕಿಹಾಕಿಕೊಂಡಾಗ ಅದೇ ಮರಳು ಚಕ್ರದ ಕೆಳಗೆ ಹಾಕಲು ಬರುತ್ತದೆ.

ಎರಡು ಗಾಡಿಗಳಲ್ಲಿ ನಾನಾದರೆ ಫ್ರಾಂಟಿಯರ್. ನಿಮ್ಮ ಡ್ರೈವ್‌ವೇ ತಿರುವಿನಲ್ಲಿ ದೊಡ್ಡ ಸಿಲ್ವರಾಡೊ ತಿರುಗಿಸುವುದು ಕಷ್ಟ. ಕಾಡಿನ ರಸ್ತೆ ಚಳಿಗಾಲದಲ್ಲಿ ಎರಡೂ ಬದಿ ಹಿಮದ ಗೋಡೆ ಎದ್ದು ಇನ್ನೂ ಕಿರಿದಾಗುತ್ತದೆ. ಎದುರು ಗಾಡಿ ಬಂದಾಗ ಆ ಅರ್ಧ ಅಡಿ ಅಗಲ ಲೆಕ್ಕಕ್ಕೆ ಬರುತ್ತದೆ.

ರಾಕೀಸ್_ಕನ್ನಡಿಗ:

ನನ್ನ ಮತ ಈಗಲೂ 4ಎಗೆ. ಆದರೆ ಫ್ರಾಂಟಿಯರ್‌ನ 3.8 ಲೀಟರ್ ವಿ6 ನನಗೂ ಇಷ್ಟ. 310 ಅಶ್ವಶಕ್ತಿ, ಟರ್ಬೊ ಇಲ್ಲ. ನಮ್ಮ ಕಡೆ ಹತ್ತು ಸಾವಿರ ಅಡಿ ಎತ್ತರದಲ್ಲಿ ಟರ್ಬೊ ಇಲ್ಲದ ಇಂಜಿನ್ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೆ ಇಲ್ಲಿ ಟರ್ಬೊ ಹುಡುಕುತ್ತಾರೆ. ಮ್ಯಾನ್ಸ್‌ಫೀಲ್ಡ್ ತುದಿಯೇ 4,393 ಅಡಿ. ನಿಮ್ಮ ಮನೆ ಅದಕ್ಕಿಂತ ಎಷ್ಟೋ ಕೆಳಗೆ. ನಿಮಗೆ ಆ ಚಿಂತೆ ಇಲ್ಲ.

ಮೂಡಿಗೆರೆ_ಮಳೆ:

ಒಂದು ಮಾತು, ದಯವಿಟ್ಟು ಯಾರೂ ಕಡೆಗಣಿಸಬೇಡಿ. ಗಾಡಿ ಹೂತಾಗ ಎಳೆಯಲು ಹಗ್ಗವನ್ನು ಟ್ರೇಲರ್ ಕೊಂಡಿಯ ಗುಂಡಿಗೆ ಸಿಕ್ಕಿಸಬೇಡಿ. ಆ ಉಕ್ಕಿನ ಗುಂಡು ಕಿತ್ತು ಬಂದರೆ ಗಾಜು ಒಡೆದುಕೊಂಡು ಒಳಗೆ ನುಗ್ಗುತ್ತೆ. ಜನ ಸತ್ತಿದ್ದಾರೆ. ಎಳೆಯಲು ಅಂತಲೇ ಇರುವ ಕೊಕ್ಕೆಗೆ ಮಾತ್ರ ಹಾಕಿ. ಎಳೆಯುವಾಗ ಮಕ್ಕಳನ್ನು ದೂರ ನಿಲ್ಲಿಸಿ.

ಹಿಮದಲ್ಲಿ ಸಿಕ್ಕಿಬಿದ್ದು ಇಂಜಿನ್ ಆನ್ ಇಟ್ಟು ಒಳಗೆ ಕೂರುವುದಾದರೆ ಮೊದಲು ಹೊಗೆ ಕೊಳವೆಯ ಸುತ್ತ ಹಿಮ ತೆಗೆಯಿರಿ. ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತೆ. ವಾಸನೆ ಇಲ್ಲ, ಗೊತ್ತೇ ಆಗಲ್ಲ. ಒಂದು ಸಲಿಕೆ ಸದಾ ಗಾಡಿಯಲ್ಲಿರಲಿ.

ಎಸೆಕ್ಸ್_ಚಿಪ್:

ಸಲಿಕೆ, ಹಗ್ಗ, ಮರಳು ಎಲ್ಲಾ ಪಟ್ಟಿಗೆ ಸೇರಿಸಿದೆ. ಮನೆಯವಳೂ ಈ ಚರ್ಚೆ ಪೂರ್ತಿ ಓದಿದಳು. ಇಬ್ಬರೂ ಸೇರಿ ಫ್ರಾಂಟಿಯರ್ ಅಂತ ನಿರ್ಧಾರ ಮಾಡಿದೆವು. ವರ್ಜೀನಿಯಾದಲ್ಲಿ ಒಂದು ಸಿಕ್ಕಿದೆ, 17 ಇಂಚಿನ ರಿಮ್, ಹೊಟ್ಟೆಯ ಫೋಟೋ ಕಳಿಸಿದ್ದಾರೆ. ಪಕ್ಕದ ಮನೆಯವರ ಹತ್ತಿರ ಪ್ಲೌ ಬಗ್ಗೆಯೂ ಮಾತಾಡಿ ಬಂದೆ. ಶನಿವಾರ ಗಾಡಿ ನೋಡಲು ಹೋಗುತ್ತಿದ್ದೇನೆ. ಪಾನಾ ಕೈ ಅವರೇ, ಕೆಳಗೆ ಮಲಗಿ ಏನೇನು ನೋಡಬೇಕು ಹೇಳಿ.

ಪಾನಾ_ಕೈ:

ಫೋಟೋ ನಂಬಬೇಡಿ. ಫ್ರೇಮಿಗೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಿ. ಒಂದು ಟಾರ್ಚ್, ಒಂದು ಸಣ್ಣ ಸುತ್ತಿಗೆ ತಗೊಂಡು ಹೋಗಿ. ಮಾಲೀಕರಿಗೆ ಹೇಳಿ, ಫ್ರೇಮನ್ನು ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ. ಒಳಗೆ ಕೊಳೆತಿದ್ದರೆ ಶಬ್ದ ಮೊಂಡು. ಹಿಂದಿನ ಲೀಫ್ ಸ್ಪ್ರಿಂಗ್ ಕೊಂಡಿಗಳು, ಬಿಡಿ ಟಯರ್ ಮೇಲಿನ ಅಡ್ಡಪಟ್ಟಿ, ಇಂಧನ ಟ್ಯಾಂಕಿನ ಮೇಲ್ಭಾಗ, ಇವು ಮೊದಲು ಹಾಳಾಗುವ ಜಾಗಗಳು. ಬ್ರೇಕ್ ಪೈಪುಗಳ ಮೇಲೆ ಬೆರಳಾಡಿಸಿ. ಉಬ್ಬು, ಹೊಪ್ಪಳೆ ಇದ್ದರೆ ಬೇಡ.

ಓಡಿಸಿ ನೋಡುವಾಗ ಜಲ್ಲಿ ಇರುವ ಜಾಗ ಹುಡುಕಿ. 4ಎಚ್ ಹಾಕಿ, ಆಮೇಲೆ ಗಾಡಿ ನಿಲ್ಲಿಸಿ ನ್ಯೂಟ್ರಲ್‌ಗೆ ತಂದು 4ಎಲ್ ಹಾಕಿ, ಲಾಕರೂ ಹಾಕಿ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ದೀಪ ಮಿಟುಕುತ್ತಲೇ ಇದ್ದರೆ ಏನೋ ಸೇರಿಕೊಂಡಿಲ್ಲ ಅಂತ. ದಕ್ಷಿಣದ ಗಾಡಿಗಳಲ್ಲಿ ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಿರುವುದೇ ಇಲ್ಲ, ಅದನ್ನು ಸೇರಿಸುವ ಆಕ್ಚುಯೇಟರ್ ಮೋಟರ್ ಹಿಡಿದುಕೊಂಡಿರಬಹುದು. ಬ್ಲಾಕ್ ಹೀಟರೂ ಆ ಕಡೆಯ ಗಾಡಿಯಲ್ಲಿ ಇರುವುದು ಅಪರೂಪ. ಮನೆಗೆ ತಂದ ವಾರವೇ ಅದನ್ನು ಹಾಕಿಸಿ, ಲ್ಯಾನೋಲಿನ್ ಎಣ್ಣೆಯನ್ನೂ ಮೊದಲ ಉಪ್ಪು ಬೀಳುವ ಮುಂಚೆ ಹೊಡೆಸಿಬಿಡಿ.